ಆ ರಸ್ತೆಯ ಕೊನೆಯಲ್ಲಿ ಯಾರಿದ್ದಾರೆ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ರಸ್ತೆ ಇಲ್ಲದ ಸರ್ಕಾರಿ ಕಾಡಿಗೆ ಹೊಸದಾಗಿ ರಸ್ತೆ ಮಾಡಬಾರದು ಅಂತ ನಿಯಮ ಇದೆಯಂತೆ. ಈಗ ಅದನ್ನು ತೆಗೆಯುವ ಮಾತು ನಡೆದಿದೆಯಂತೆ. ಫೋನಿನಲ್ಲಿ ಮಾತಾಡುವಾಗ ‘ನಮ್ಮೂರಿಗೂ ಇಂಥ ನಿಯಮ ಬೇಕು ಅಪ್ಪಯ್ಯ’ ಎಂದ. ‘ಮಳೆಗಾಲದಲ್ಲಿ ಇಲ್ಲಿ ಜೀಪೇ ಬರಲ್ಲ, ನಿಂಗೆ ಅಲ್ಲಿ ಕೂತು ಏನು ಗೊತ್ತು’ ಎಂದೆ. ಮಾತು ಸ್ವಲ್ಪ ಜೋರಾಯಿತು. ಕಾಡನ್ನು ರಸ್ತೆ ಇಲ್ಲದೆ ಹಾಗೇ ಬಿಟ್ಟರೆ ಲಾಭ ಎಷ್ಟು, ನಷ್ಟ ಎಷ್ಟು? ಇದನ್ನು ಲೆಕ್ಕ ಹಾಕುವ ದಾರಿ ಇದೆಯಾ?
– ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು

ಉತ್ತರ: ನಿಮ್ಮ ಮಗ ನೋಡಿದ ಕಾಡು ಬೇರೆ, ನೀವು ದಿನಾ ನೋಡುವ ಕಾಡು ಬೇರೆ. ಜಗಳ ಹುಟ್ಟಿದ್ದು ಅಲ್ಲೇ ಅನಿಸುತ್ತದೆ. ಮೊದಲು ಅಲ್ಲಿನ ವಿಷಯ ಹೇಳಿಬಿಡುತ್ತೇನೆ.

ಅಮೆರಿಕದ ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವುದು ಅಲ್ಲಿನ ಕೃಷಿ ಇಲಾಖೆಯ ಕೆಳಗಿರುವ ಅರಣ್ಯ ಸೇವೆ. 2001ರ ಜನವರಿಯಲ್ಲಿ, ಕ್ಲಿಂಟನ್ ಅಧ್ಯಕ್ಷಗಿರಿ ಮುಗಿಯುವ ಹೊತ್ತಿಗೆ, ಈ ನಿಯಮ ಬಂತು. ಆಗ ರಸ್ತೆ ಇಲ್ಲದೆ ಉಳಿದಿದ್ದ ಸುಮಾರು 5 ಕೋಟಿ 85 ಲಕ್ಷ ಎಕರೆ ಕಾಡಿಗೆ ಅದು ಅನ್ವಯ. ಇಡೀ ಕರ್ನಾಟಕಕ್ಕಿಂತ ದೊಡ್ಡ ಜಾಗ ಅದು. ಅಲ್ಲಿ ಹೊಸ ರಸ್ತೆ ಕಡಿಯುವುದು, ಮಾರಾಟಕ್ಕಾಗಿ ಮರ ಕೊಯ್ಯುವುದು ಬಹುಮಟ್ಟಿಗೆ ನಿಂತಿತು. ನಡೆದು ಹೋಗಲು, ಮೀನು ಹಿಡಿಯಲು, ದನ ಮೇಯಿಸಲು ಅಡ್ಡಿ ಇಲ್ಲ. ಬೆಂಕಿ ಅಥವಾ ನೆರೆಯಿಂದ ಜೀವಕ್ಕೆ ಅಪಾಯ ಬಂದರೆ ರಸ್ತೆ ಮಾಡುವುದಕ್ಕೂ ಅವಕಾಶ ಇಟ್ಟಿದ್ದಾರೆ. ಅಲಾಸ್ಕಾದ ಟೊಂಗಾಸ್ ಕಾಡನ್ನು 2020ರಲ್ಲಿ ಈ ನಿಯಮದಿಂದ ಹೊರಗಿಟ್ಟರು, 2023ರಲ್ಲಿ ಮತ್ತೆ ಒಳಗೆ ತಂದರು. 2025ರ ಜೂನ್‌ನಲ್ಲಿ ಅಲ್ಲಿನ ಕೃಷಿ ಸಚಿವೆ ಬ್ರೂಕ್ ರಾಲಿನ್ಸ್ ಇಡೀ ನಿಯಮವನ್ನೇ ರದ್ದು ಮಾಡುವುದಾಗಿ ಪ್ರಕಟಿಸಿದರು. ಬೆಂಕಿ ಹತೋಟಿಗೆ ಅಡ್ಡಿಯಾಗುತ್ತದೆ, ಮರದ ಉದ್ಯಮಕ್ಕೆ ಪೆಟ್ಟು ಎನ್ನುವುದು ಅವರು ಕೊಟ್ಟ ಕಾರಣ.

ಆ ನಿಯಮ ಬರೆದವರು ತೋಳ, ಕರಡಿ, ಪ್ರಕೃತಿ ಸೌಂದರ್ಯ ಅಂತಲೇ ಮಾತಾಡಿದ್ದಾರೆ ಎಂದುಕೊಂಡು ಓದಲು ಕೂತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅವರ ಕೈಯಲ್ಲಿ ಆಗಲೇ 3 ಲಕ್ಷ 80 ಸಾವಿರ ಮೈಲಿಗೂ ಜಾಸ್ತಿ ಕಾಡುರಸ್ತೆ ಇತ್ತು. ಅದರ ರಿಪೇರಿ ಬಾಕಿ 840 ಕೋಟಿ ಡಾಲರ್. ವರ್ಷಕ್ಕೆ ನಿರ್ವಹಣೆಗೆ ಬೇಕಾದ ದುಡ್ಡಿನಲ್ಲಿ ಐದನೇ ಒಂದು ಭಾಗವೂ ಬರುತ್ತಿರಲಿಲ್ಲ. ಇರುವ ರಸ್ತೆಯನ್ನೇ ನೋಡಿಕೊಳ್ಳಲು ಆಗುತ್ತಿಲ್ಲ, ಹೊಸದು ಯಾಕೆ ಎಂದು ನಿಯಮದಲ್ಲೇ ಬರೆದುಕೊಂಡರು.

ನಾನು ಜಿಲ್ಲಾ ಪಂಚಾಯ್ತಿಯ ಇಂಜಿನಿಯರಿಂಗ್ ವಿಭಾಗದಲ್ಲಿ ಇದ್ದವಳು. ತೀರ್ಥಹಳ್ಳಿ, ಹೊಸನಗರದ ಕಡೆ ಹಳ್ಳಿ ರಸ್ತೆ ಮಾಡಿಸಿದ್ದೇ ನನ್ನ ಜೀವನದ ಕೆಲಸ. ಹಾಗಾಗಿ ಈ ಲೆಕ್ಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹೊಸ ರಸ್ತೆಗೆ ಗುದ್ದಲಿ ಪೂಜೆ ಇದೆ, ಹೂವಿನ ಹಾರ ಇದೆ, ಕಲ್ಲಿನ ಫಲಕ ಇದೆ. ಜೂನ್ ಮೊದಲ ವಾರ ಚರಂಡಿ ಬಿಡಿಸುವ ಕೆಲಸಕ್ಕೆ ಯಾವ ಫಲಕವೂ ಇಲ್ಲ. ಮಲೆನಾಡಿನಲ್ಲಿ ರಸ್ತೆಯನ್ನು ಉಳಿಸುವುದು ಆ ಚರಂಡಿಯೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಲಾಭ ನಷ್ಟದ ಲೆಕ್ಕದಲ್ಲಿ ಎಲ್ಲರೂ ಬಿಡುವುದು ಇದನ್ನೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಕಾಡಿನ ನೆಲದ ಮೇಲೆ ಬಿದ್ದ ನೀರು ತರಗೆಲೆಯ ಕೆಳಗೆ ಇಂಗಿ, ನಿಧಾನವಾಗಿ ಒರತೆಯಾಗಿ ಬರುತ್ತದೆ. ಗುಡ್ಡದ ಸೊಂಟಕ್ಕೆ ಅಡ್ಡಲಾಗಿ ನೀವು ಒಂದು ರಸ್ತೆ ಕಡಿದಿರಿ ಎಂದುಕೊಳ್ಳಿ. ಮೇಲಿನ ಬದಿಯಲ್ಲಿ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಲ್ಲುತ್ತದೆ. ಮಣ್ಣಿನ ಒಳಗೆ ಹರಿಯುತ್ತಿದ್ದ ನೀರು ಆ ಧರೆಯಿಂದ ಹೊರಗೆ ಬಂದು ರಸ್ತೆಗೆ ಇಳಿಯುತ್ತದೆ. ಚರಂಡಿಯಲ್ಲಿ ಸೊಪ್ಪು, ಟೊಂಗೆ ತುಂಬಿದ್ದರೆ ನೀರು ಟಾರಿನ ಮೇಲೆ ಹರಿದು, ಕೆಳಗಿನ ಬದಿಯ ಮಣ್ಣನ್ನು ಕೊಚ್ಚುತ್ತದೆ. ರಸ್ತೆಯ ಅಡಿಯ ಮೋರಿ ಕಟ್ಟಿಕೊಂಡರೆ ರಸ್ತೆಯೇ ಒಡ್ಡಾಗಿ ನೀರು ನಿಲ್ಲುತ್ತದೆ. ಒಂದು ರಾತ್ರಿ ಅದೂ ಕಿತ್ತುಕೊಂಡು ಹೋಗುತ್ತದೆ. ಆ ಮಣ್ಣೆಲ್ಲ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ, ಕೆರೆಗೆ, ಕೊನೆಗೆ ಡ್ಯಾಮಿಗೆ. ಗದ್ದೆಯಲ್ಲಿ ಮೊಣಕಾಲುದ್ದ ಕೆಂಪು ಕೆಸರು ತುಂಬಿಕೊಂಡವರು ಪರಿಹಾರಕ್ಕೆ ಅರ್ಜಿ ಹಿಡಿದು ಬರುತ್ತಿದ್ದರು. ರಸ್ತೆಯ ಅಂದಾಜುಪಟ್ಟಿಯಲ್ಲಿ ಅವರ ಗದ್ದೆಗೆ ಒಂದು ಸಾಲೂ ಇರುತ್ತಿರಲಿಲ್ಲ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಒಂದು ಒಳ್ಳೆಯ ಷರತ್ತು ಇದೆ. ರಸ್ತೆ ಮಾಡಿದ ಗುತ್ತಿಗೆದಾರರೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ಆರನೇ ವರ್ಷ? ಆಮೇಲಿನ ಇಪ್ಪತ್ತು ವರ್ಷ? ಕಾಡಿನ ಮಧ್ಯೆ ಹೋಗುವ ರಸ್ತೆಗೆ ಈ ಪ್ರಶ್ನೆ ಇನ್ನೂ ಗಟ್ಟಿ. ಮನೆ ಇರುವ ಕಡೆ ಮೋರಿ ಕಟ್ಟಿಕೊಂಡರೆ ಯಾರಾದರೂ ಗುದ್ದಲಿ ಹಿಡಿದು ಬಿಡಿಸುತ್ತಾರೆ. ಮನೆಯೇ ಇಲ್ಲದ ಕಡೆ ಅದನ್ನು ನೋಡುವವರೂ ಇರುವುದಿಲ್ಲ.

ಇನ್ನು ರಸ್ತೆಯ ಮೇಲೆ ಏನೇನು ಒಳಗೆ ಬರುತ್ತದೆ ನೋಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು ಕಟ್ಟಿಗೆ ಇದ್ದಿಲಿನ ಮೇಲೆ. ಇದ್ದಿಲಿಗೆ ಕಾಡು ಬೇಕು, ಕಾಡಿಗೆ ದಾರಿ ಬೇಕು. ಆಮೇಲೆ ಎಲ್ಲೆಲ್ಲೂ ಕೂಪಿನ ರಸ್ತೆಗಳು, ಅಂದರೆ ಕಡಿದ ಮರ ಸಾಗಿಸುವ ರಸ್ತೆಗಳು, ಬಂದವು. ಲಾರಿ ಹೋಗಲಾಗದ ಕಾನುಗಳು (ದಟ್ಟ ನಿತ್ಯಹಸಿರು ಕಾಡುಗಳು) ಉಳಿದವು, ಲಾರಿ ಹೋದ ಕಡೆ ಮರ ಇಳಿಯಿತು. ಇವತ್ತು ಚಾರಣಕ್ಕೆ ಬಂದವರು ‘ಎಷ್ಟು ಚೆಂದದ ಹಳೇ ದಾರಿ’ ಎಂದು ಫೋಟೊ ತೆಗೆಯುವ ಎಷ್ಟೋ ಜೀಪ್ ಜಾಡುಗಳು ಹಿಂದಿನ ಕೂಪಿನ ರಸ್ತೆಗಳೇ. ಅವುಗಳ ಎರಡೂ ಬದಿ ಗಮನಿಸಿ. ಯುಪಟೋರಿಯಂ, ಲಂಟಾನ ಎಂಬ ಕಳೆಗಳು ಹೆಗಲೆತ್ತರ ಬೆಳೆದಿರುತ್ತವೆ. ಹತ್ತು ಹೆಜ್ಜೆ ಒಳಗೆ ಹೋಗಿ ನೆರಳಿಗೆ ಬಂದರೆ ಕಡಿಮೆಯಾಗುತ್ತವೆ. ಬಿಸಿಲು ಬಿದ್ದ ಕಡೆ ಮಾತ್ರ ಅವುಗಳ ಆಟ. ಬಿಸಿಲನ್ನು ಒಳಗೆ ತಂದದ್ದು ರಸ್ತೆ.

ಸಿಂಗಳೀಕದ ಕಥೆಯೂ ಇದೇ. ಅದು ನೆಲಕ್ಕೆ ಇಳಿಯುವುದು ತೀರಾ ಅಪರೂಪ. ಮರದಿಂದ ಮರಕ್ಕೆ, ಮೇಲಿಂದ ಮೇಲೆಯೇ ಬದುಕು. ನೆತ್ತಿಯ ಮೇಲೆ ಎಲೆ ಕೂಡಿರುವ ತನಕ ಅದಕ್ಕೆ ಕಾಲುದಾರಿಯಾಗಲಿ, ಗಾಡಿದಾರಿಯಾಗಲಿ ತೊಂದರೆ ಅಲ್ಲ. ರಸ್ತೆ ಅಗಲವಾಗಿ ಮೇಲಿನ ಕೊಂಬೆಗಳು ಬೇರೆಯಾದಾಗ ಅದರ ಕಾಡು ಎರಡು ತುಂಡಾಗುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಪ್ಪಿಸಲು ರಸ್ತೆಯ ಮೇಲೆ ಸೇತುವೆಯ ಹಾಗೆ ಹಗ್ಗ, ಪಟ್ಟಿ ಕಟ್ಟಿದ್ದಾರೆ. ಒಳ್ಳೆಯ ಕೆಲಸ. ಆದರೆ ಮರ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಮನುಷ್ಯರು ಕಟ್ಟಿ, ಹರಿದಾಗಲೆಲ್ಲ ಮತ್ತೆ ಕಟ್ಟಬೇಕು. ನಮ್ಮ ಶರಾವತಿ ಕಣಿವೆಯ ಅಭಯಾರಣ್ಯವನ್ನು 2019ರಲ್ಲಿ ಸಿಂಗಳೀಕದ ಹೆಸರಿನಲ್ಲೇ ದೊಡ್ಡದು ಮಾಡಿದರು, ಈಗ ಸುಮಾರು 930 ಚದರ ಕಿಲೋಮೀಟರ್. ಅದಕ್ಕೆ ಸೇರಿದಂತಿರುವ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜೌಗು ಇದೆ. ಬೇರುಗಳು ಉಸಿರಾಡಲು ಕೆಸರಿನಿಂದ ಮೇಲೆದ್ದು ಬಾಗಿ ನಿಂತಿರುತ್ತವೆ. ಇಂಥ ಜೌಗಿಗೆ ಬರುವ ಒಂದು ಸಣ್ಣ ತೊರೆಯನ್ನು ಮೋರಿ ಕಟ್ಟಿ ಆಚೀಚೆ ತಿರುಗಿಸಿದರೂ ಸಾಕು, ಅದು ಒಣಗುತ್ತದೆ. ಅಂಥದ್ದನ್ನು ಮತ್ತೆ ನೆಟ್ಟು ಬೆಳೆಸುವ ವಿದ್ಯೆ ನನಗೆ ಗೊತ್ತಿರುವ ಯಾವ ನರ್ಸರಿಯಲ್ಲೂ ಇಲ್ಲ.

ಇಷ್ಟು ಓದಿ ನಿಮ್ಮ ಮಗ ಗೆದ್ದ ಎಂದುಕೊಳ್ಳಬೇಡಿ. ಈಗ ನಿಮ್ಮ ಕಡೆಯ ಲೆಕ್ಕ.

ಅಮೆರಿಕದ ಆ 5 ಕೋಟಿ 85 ಲಕ್ಷ ಎಕರೆಯನ್ನು ಗುರುತು ಮಾಡುವಾಗ ಜನರ ಊರುಗಳನ್ನು ಒಳಗೆ ಸೇರಿಸಿ ಗೆರೆ ಎಳೆಯಲಿಲ್ಲ. ನಮ್ಮಲ್ಲಿ ಹಾಗೆ ಗೆರೆ ಎಳೆಯುವುದೇ ಕಷ್ಟ. ಕಾಡಿನ ನಡುವೆ ಎರಡು ಮನೆ, ಹಳ್ಳ ದಾಟಿದರೆ ಮೂರು ಮನೆ, ಗುಡ್ಡದ ಆಚೆ ಇನ್ನೊಂದು. ಸಡಕ್ ಯೋಜನೆ 2000ದಲ್ಲಿ ಬಂದಾಗ ಬಯಲು ಸೀಮೆಗೆ 500 ಜನರ ಊರು ಎಂಬ ಅಳತೆ ಇತ್ತು. ತೋಟಕ್ಕೊಂದು ಮನೆ ಇರುವ ನಮ್ಮ ಕಡೆ 500 ಜನರನ್ನು ಒಂದೇ ಕಡೆ ತೋರಿಸಬೇಕಾದರೆ ಜಾತ್ರೆಯೇ ಆಗಬೇಕು. ಎಷ್ಟೋ ಜನ ಅಲ್ಲಿಗೆ ಬಂದದ್ದು ತಾವಾಗಿಯೂ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಮನೆ, ಗದ್ದೆ ಬಿಟ್ಟು ಎದ್ದವರು ಅವರು. ನಾಡಿಗೆಲ್ಲ ದೀಪ ಕೊಟ್ಟವರ ಮಕ್ಕಳು ಹಿನ್ನೀರು ದಾಟುವ ಲಾಂಚ್‌ಗೆ ಕಾದು ಶಾಲೆಗೆ ಹೋದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ಕ್ಕೆ. ಅಷ್ಟು ವರ್ಷ ರಾತ್ರಿ ಹೊತ್ತು ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು ಏನು ಪಟ್ಟಿರಬಹುದು ಎಂಬುದನ್ನು ಕರೂರು, ಬಾರಂಗಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಮಂಗನ ಕಾಯಿಲೆಯನ್ನೂ ನೆನಪಿಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. 2018ರ ಕೊನೆಗೆ, 2019ರ ಆರಂಭಕ್ಕೆ ಅರಳಗೋಡಿನಲ್ಲಿ ಎಷ್ಟು ಮನೆ ಕಣ್ಣೀರು ಹಾಕಿತು ಎಂದು ಸಾಗರದವರಾದ ನಿಮಗೇ ಗೊತ್ತು. ಉಣುಗು ಕಚ್ಚಿ ಜ್ವರ ಬಂದವರನ್ನು ಬೇಗ ಆಸ್ಪತ್ರೆಗೆ ಮುಟ್ಟಿಸಬೇಕು. ಅದಕ್ಕೆ ಆಂಬುಲೆನ್ಸ್ ಬರುವ ದಾರಿ ಬೇಕು. ಕಂಬಳಿಯ ಜೋಲಿ ಕಟ್ಟಿ ಹೊತ್ತು ತರುವ ಕಾಲ ಮುಗಿಯಬೇಕು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಹಾಗಾದರೆ ಲೆಕ್ಕ ಹೇಗೆ? ನಾನು ರಸ್ತೆಯ ನಕ್ಷೆ ನೋಡುವಾಗ ಮೊದಲು ಬೆರಳಿಡುವುದು ಅದರ ಕೊನೆಯ ಮೇಲೆ. ಅಲ್ಲಿ ಮನೆ ಇದ್ದರೆ, ಆ ಮನೆಗೆ ಬೇರೆ ದಾರಿ ಇಲ್ಲದಿದ್ದರೆ, ಆ ರಸ್ತೆ ಆಗಬೇಕು. ಎಷ್ಟು ಅಗಲ, ಯಾವ ಕಡೆಯಿಂದ ಎನ್ನುವುದಷ್ಟೇ ಚರ್ಚೆ. ಕೊನೆಯಲ್ಲಿ ಇನ್ನೊಂದು ರಸ್ತೆ ಸಿಕ್ಕಿದರೆ, ಅಂದರೆ ಅದು ಕಾಡನ್ನು ದಾಟಿ ಹೋಗಿ ಯಾರಿಗೋ ಅರ್ಧ ಗಂಟೆ ಉಳಿಸುವ ದಾರಿಯಾದರೆ, ನಾನು ಬೇಡ ಎನ್ನುತ್ತೇನೆ. ಮನೆಗೆ ಹೋಗಿ ನಿಲ್ಲುವ ರಸ್ತೆಯಲ್ಲಿ ಆ ಮನೆಯವರು ಓಡಾಡುತ್ತಾರೆ. ದಾಟಿ ಹೋಗುವ ರಸ್ತೆಯಲ್ಲಿ ಊರೆಲ್ಲ ಓಡಾಡುತ್ತದೆ, ರಾತ್ರಿ ಲಾರಿಯೂ ಬರುತ್ತದೆ, ರಸ್ತೆ ಬದಿ ಅಂಗಡಿ ಏಳುತ್ತದೆ, ಸೈಟ್ ಎಂಬ ಬೋರ್ಡ್ ಏಳುತ್ತದೆ, ಹತ್ತು ವರ್ಷ ಬಿಟ್ಟು ‘ಅಗಲ ಸಾಲದು’ ಎಂಬ ಮನವಿ ಬರುತ್ತದೆ. ಅಗಲ ಮಾಡಲು ಗುಡ್ಡ ಕಡಿದಾಗ ಏನಾಗಬಹುದು ಎಂದು 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನೋಡಿದ್ದೇವೆ.

ಇನ್ನೊಂದು ಮಾತು. ರಸ್ತೆ ಮಾಡದೆ ಬಿಟ್ಟ ಕಾಡಿಗೆ ಮುಂದೆ ನಿಜವಾಗಿ ಅಗತ್ಯ ಬಿದ್ದರೆ ರಸ್ತೆ ಮಾಡಬಹುದು. ಮಾಡಿದ ರಸ್ತೆಯನ್ನು ತೆಗೆದು ಕಾಡು ವಾಪಸ್ ತರುವುದು ನಮ್ಮ ಆಯುಷ್ಯದಲ್ಲಿ ಆಗುವ ಕೆಲಸ ಅಲ್ಲ. ಎರಡು ಕಡೆಯ ಲೆಕ್ಕ ಸಮ ಬಂದರೂ ನಾನು ತಡೆಯುವ ಕಡೆಗೇ ವಾಲುವುದು ಇದಕ್ಕೆ. ಟೊಂಗಾಸ್ ಕಾಡಿನಲ್ಲಿ ವರ್ಷಗಟ್ಟಲೆ ಮರ ಮಾರಿ ಸರ್ಕಾರಕ್ಕೆ ಬಂದ ದುಡ್ಡಿಗಿಂತ, ಆ ಮರ ತರಲು ರಸ್ತೆ ಮಾಡಿ ಕೆಲಸ ನಡೆಸಿದ ಖರ್ಚೇ ಜಾಸ್ತಿಯಾಯಿತು. ಲಾಭ ಎಂದು ಬರೆದ ಕಡೆಯೂ ನಷ್ಟವೇ ಇತ್ತು.

ಮಗನಿಗೆ ಫೋನ್ ಮಾಡಿ. ನಿಮ್ಮ ಮನೆಯ ದಾರಿ ಬೇಕೇ ಬೇಕು ಅಂತ ಹೇಳಿ. ನಿಮ್ಮ ಮನೆಯ ಆಚೆಗಿನ ಕಾನಿಗೆ ಅವನು ಕೇಳಿದ ನಿಯಮ ಇರಲಿ ಅಂತಲೂ ಹೇಳಿ.

ಪ್ರಶ್ನೆ: ಅಕ್ಕ, ನಮ್ಮದು ಕಾಡಿನ ಒಳಗಿರುವ ಸಣ್ಣ ಊರು. ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಅರಣ್ಯದ ಜಾಗ ದಾಟಬೇಕು. ಮಧ್ಯೆ ಒಂದು ಹಳ್ಳ. ಕೇಳಿದಾಗಲೆಲ್ಲ ‘ಅರಣ್ಯ ಕಾನೂನು, ಆಗಲ್ಲ’ ಎನ್ನುತ್ತಾರೆ. ನಿಜವಾಗಿ ಆಗಲ್ವಾ?
– ಹೊಸನಗರ ತಾಲ್ಲೂಕಿನ ಸ್ವಸಹಾಯ ಸಂಘದ ಸದಸ್ಯೆ

ಉತ್ತರ: ಆಗುತ್ತದಮ್ಮ. ಅರಣ್ಯ ಹಕ್ಕು ಕಾಯ್ದೆ, 2006ರ ಮೂರನೇ ಕಲಮಿನ ಎರಡನೇ ಉಪಕಲಮು ಓದಿಸಿ. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಹೀಗೆ 13 ಬಗೆಯ ಸೌಲಭ್ಯಕ್ಕೆ ಅರಣ್ಯ ಭೂಮಿ ಕೊಡಬಹುದು. ಷರತ್ತು ಮೂರು. ಪ್ರತಿಯೊಂದಕ್ಕೂ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು. ಗ್ರಾಮಸಭೆ ಶಿಫಾರಸು ಮಾಡಿರಬೇಕು.

ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್. ನಿಮ್ಮದು 1500 ಮೀಟರ್ ಉದ್ದ. ಭಾಗಿಸಿದರೆ ಆರೂವರೆ ಮೀಟರ್ ಅಗಲದ ತನಕ ಅವಕಾಶ ಇದೆ. ಇದರಲ್ಲಿ ಚರಂಡಿ, ಧರೆ ಎಲ್ಲ ಬರಬೇಕು. ಹತ್ತು ಮೀಟರ್ ಅಗಲ ಕೇಳಿದರೆ ಒಂದು ಹೆಕ್ಟೇರ್ ದಾಟುತ್ತದೆ, ಅರ್ಜಿ ಬೇರೆ ಕಾನೂನಿನ ಕೆಳಗೆ ದೊಡ್ಡ ದಾರಿ ಹಿಡಿಯಬೇಕಾಗುತ್ತದೆ. ಎಷ್ಟೋ ಅರ್ಜಿ ಮುಂದೆ ಹೋಗದೆ ನಿಲ್ಲುವುದು ಈ ಅಗಲದ ಆಸೆಯಿಂದ. ನಿಮ್ಮ ಊರಿಗೆ ಒಂದು ಜೀಪು, ಒಂದು ಆಂಬುಲೆನ್ಸ್, ಅಡಿಕೆ ಸಾಗಿಸುವ ಒಂದು ಪಿಕಪ್ ಬಂದು ತಿರುಗಿಸಿಕೊಂಡು ಹೋದರೆ ಸಾಕು ಅಲ್ವಾ? ಮೂರು ಮೀಟರ್ ದಾರಿ, ಎದುರು ಗಾಡಿ ಬಂದರೆ ಒತ್ತರಿಸಲು ಅಲ್ಲಲ್ಲಿ ಜಾಗ, ಅಷ್ಟೇ ಕೇಳಿ.

ಗ್ರಾಮಸಭೆಯನ್ನು ಹಗುರ ಮಾಡಬೇಡಿ. ಈ ಕಾಯ್ದೆಯ ನಿಯಮದಲ್ಲಿ ಅರ್ಧದಷ್ಟು ಸದಸ್ಯರಾದರೂ ಹಾಜರಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಈ ಷರತ್ತು ನನಗೆ ಬಹಳ ಇಷ್ಟ. ಸೊಪ್ಪು ತರುವವರು, ಮಕ್ಕಳನ್ನು ಶಾಲೆಗೆ ಬಿಡುವವರು ಹೆಂಗಸರು. ಎಲ್ಲಿ ಒರತೆ ಇದೆ, ಎಲ್ಲಿ ಮಳೆಗಾಲದಲ್ಲಿ ಕಾಲು ಹೂಳುತ್ತದೆ, ಯಾವ ತಿರುವಿನಲ್ಲಿ ಆನೆ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಸರ್ವೆಯವರಿಗೂ ಗೊತ್ತಿರಲ್ಲ. ಅದನ್ನೆಲ್ಲ ಸಭೆಯ ನಡಾವಳಿಯಲ್ಲಿ ಬರೆಸಿ. ಆಮೇಲೆ ಅರ್ಜಿ ವಲಯ ಅರಣ್ಯಾಧಿಕಾರಿಗೆ, ಅಲ್ಲಿಂದ ಡಿಎಫ್ಒ ಅವರಿಗೆ ಹೋಗುತ್ತದೆ. ನಿಮ್ಮ ಊರು ಅಭಯಾರಣ್ಯದ ಗಡಿಯೊಳಗಿದ್ದರೆ ಅದನ್ನು ಮೊದಲೇ ಹೇಳಿ, ಏನೇನು ಒಪ್ಪಿಗೆ ಬೇಕು ಎಂದು ಬರವಣಿಗೆಯಲ್ಲಿ ಕೇಳಿ.

ಕೆಲಸದ ಬಗ್ಗೆ ಇಂಜಿನಿಯರ್ ಆಗಿ ನನ್ನ ಮಾತು ಇಷ್ಟು. ಹಳೇ ಗಾಡಿದಾರಿ ಇದ್ದರೆ ಅದರ ಮೇಲೇ ಹೋಗಿ. ಹಿರಿಯರು ಏರು ನೋಡಿಯೇ ಅದನ್ನು ಮಾಡಿರುತ್ತಾರೆ, ನೇರ ಮಾಡುವ ನೆಪದಲ್ಲಿ ಹೊಸ ಧರೆ ಕಡಿಸಬೇಡಿ. ದುಡ್ಡು ಕಂತಿನಲ್ಲಿ ಬರುವುದಾದರೆ ಮೊದಲು ಹಳ್ಳಕ್ಕೆ ಸೇತುವೆ ಮಾಡಿಸಿ. ರಸ್ತೆ ಮಣ್ಣಿನದೇ ಇದ್ದರೂ ಹೇಗೋ ನಡೆಯುತ್ತದೆ, ಕಾಲುಸಂಕದ ಮೇಲೆ ಮಕ್ಕಳು ಹೋಗುವುದು ಮಾತ್ರ ಇನ್ನೊಂದು ಮಳೆಗಾಲ ನಡೆಯಬಾರದು. ಕಡಿದಾದ ಏರಿನಲ್ಲಿ ಚಕ್ರ ಹೋಗುವ ಎರಡು ಪಟ್ಟಿಗೆ ಕಾಂಕ್ರೀಟ್ ಹಾಕಿಸಿದರೆ ಕಡಿಮೆ ಖರ್ಚು, ಮಧ್ಯೆ ನೀರೂ ಇಂಗುತ್ತದೆ. ಮೋರಿ ಸಾಕಷ್ಟು ಇಡಿಸಿ, ಅದರ ಬಾಯಲ್ಲಿ ಕಲ್ಲು ಪಿಚ್ಚಿಂಗ್ ಮಾಡಿಸಿ. ಮೇಲೆ ಕೊಂಬೆ ಕೂಡಿರುವ ಮರಗಳನ್ನು ಮುಟ್ಟಬೇಡಿ ಎಂದು ಗುತ್ತಿಗೆದಾರರಿಗೆ ಮರ ತೋರಿಸಿಯೇ ಹೇಳಿ. ಜೆಸಿಬಿ ಬಂದ ದಿನ ಊರಿನ ಇಬ್ಬರಾದರೂ ಅಲ್ಲಿ ನಿಂತಿರಬೇಕು. ಜೆಸಿಬಿಯವರಿಗೆ ಗಂಟೆಯ ಲೆಕ್ಕ, ಅವರು ಮರ ನೋಡುತ್ತಾ ನಿಲ್ಲಲ್ಲ.

ರಸ್ತೆ ಕೊನೆಯ ಮನೆಯ ಅಂಗಳಕ್ಕೆ ಮುಗಿಯಲಿ. ‘ಇನ್ನು ಎರಡು ಕಿಲೋಮೀಟರ್ ಮಾಡಿದರೆ ಆಚೆ ಹೆದ್ದಾರಿಗೆ ಕೂಡುತ್ತದೆ’ ಎಂದು ಯಾರಾದರೂ ಬರುತ್ತಾರೆ, ಬಂದೇ ಬರುತ್ತಾರೆ. ಒಪ್ಪಬೇಡಿ. ಆಮೇಲೆ ಅದು ನಿಮ್ಮ ರಸ್ತೆಯಾಗಿ ಉಳಿಯಲ್ಲ.

ಪ್ರಶ್ನೆ: ಕಾಡಿಗೆ ಬೆಂಕಿ ಬಿದ್ದರೆ ರಸ್ತೆ ಇಲ್ಲದೆ ಆರಿಸುವುದು ಹೇಗೆ? ರಸ್ತೆ ಬೇಡ ಎನ್ನುವವರು ಇದಕ್ಕೆ ಉತ್ತರ ಕೊಡಲ್ಲ.
– ಭದ್ರಾವತಿಯ ನಿವೃತ್ತ ಶಿಕ್ಷಕರು

ಉತ್ತರ: ಸರ್, ನ್ಯಾಯವಾದ ಪ್ರಶ್ನೆ. ಅಮೆರಿಕದ ಪಶ್ಚಿಮ ಭಾಗದಲ್ಲಿ ಇದು ದೊಡ್ಡ ವಾದ. ಅಲ್ಲಿ ಮಳೆ ಇಲ್ಲದೆ ಬರುವ ಸಿಡಿಲಿನಿಂದಲೂ ಬೆಂಕಿ ಹತ್ತುತ್ತದೆ, ಮನುಷ್ಯರೇ ಇಲ್ಲದ ಕಡೆಯೂ ಹತ್ತುತ್ತದೆ. ನಮ್ಮಲ್ಲಿ ಸಿಡಿಲು ಮಳೆಯ ಜೊತೆಗೇ ಬರುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ತನಕ ನಮ್ಮ ಕಾಡಿಗೆ ಬೀಳುವ ಬೆಂಕಿ ಬಹುತೇಕ ಮನುಷ್ಯರ ಕೈಯಿಂದಲೇ. ಬೀಡಿ ತುಂಡು, ಬ್ಯಾಣ (ಹುಲ್ಲುಗಾವಲು) ಸುಡಲು ಹಚ್ಚಿದ್ದು ಆಚೆ ಹಾರಿದ್ದು, ಕೆಲವು ಸಲ ಬೇಕೆಂದೇ ಹಚ್ಚಿದ್ದು. ಅಂದರೆ ಮನುಷ್ಯರು ಓಡಾಡುವ ದಾರಿ ಹೆಚ್ಚಿದಷ್ಟೂ ಬೆಂಕಿ ಹುಟ್ಟುವ ಜಾಗವೂ ಹೆಚ್ಚು.

ದಟ್ಟ ಕಾನಿನ ನೆಲ ಮಾರ್ಚ್‌ನಲ್ಲೂ ತಂಪಾಗಿರುತ್ತದೆ, ಬೆಂಕಿ ಅಷ್ಟು ಸುಲಭಕ್ಕೆ ಒಳಗೆ ಹೋಗಲ್ಲ. ನೆತ್ತಿ ತೆರೆದು ಬಿಸಿಲು ಬಿದ್ದು, ಹುಲ್ಲು, ಯುಪಟೋರಿಯಂ ಬೆಳೆದು ಒಣಗಿದರೆ ಅದೇ ಬೆಂಕಿಗೆ ಉರುವಲು. ಶೆಟ್ಟಿಹಳ್ಳಿ, ಭದ್ರಾ ಕಡೆಯ ಎಲೆ ಉದುರುವ ಕಾಡಿನ ಮಾತು ಬೇರೆ. ಅಲ್ಲಿ ಗಸ್ತಿನ ಜಾಡು ಬೇಕು, ಬೇಸಿಗೆಗೆ ಮುಂಚೆ ಬೆಂಕಿ ರೇಖೆ ತೆಗೆಯಬೇಕು, ನೀರಿನ ಟ್ಯಾಂಕರ್ ಹೋಗುವ ದಾರಿ ಇಟ್ಟುಕೊಳ್ಳಬೇಕು. ಅದಕ್ಕೆ ಇರುವ ಜೀಪ್ ಜಾಡುಗಳು ಇವೆ. ಗೇಟ್ ಹಾಕಿದ ಮಣ್ಣಿನ ಜಾಡು ಬೇರೆ, ಎಲ್ಲರಿಗೂ ತೆರೆದ ಟಾರು ರಸ್ತೆ ಬೇರೆ. ಬೆಂಕಿಯ ಹೆಸರಿನಲ್ಲಿ ಎರಡನೆಯದನ್ನು ಕೇಳಬಾರದು. ಸೊಪ್ಪಿನ ಗೊಂಚಲು ಹಿಡಿದು ಬಡಿದು ಬೆಂಕಿ ಆರಿಸುವವರು ಫೈರ್ ವಾಚರ್‌ಗಳು. ಅವರಿಗೆ ಸರಿಯಾದ ಬೂಟು, ನೀರು, ತಿಂಗಳು ತಪ್ಪದ ಸಂಬಳ ಸಿಕ್ಕಿದರೆ ಒಂದು ಹೊಸ ರಸ್ತೆಗಿಂತ ಹೆಚ್ಚು ಕಾಡು ಉಳಿಯುತ್ತದೆ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಕಾಡಿಗೆ ಹಣದಲ್ಲಿ ಬೆಲೆ ಕಟ್ಟುವುದು ಸರಿಯಾ? ಪ್ರಾಜೆಕ್ಟ್‌ಗೆ ಇದೇ ವಿಷಯ ತಗೊಳ್ಳಬೇಕು ಎಂದಿದ್ದೇನೆ.
– ವಿದ್ಯಾರ್ಥಿನಿ

ಉತ್ತರ: ಬೆಲೆ ಆಗಲೇ ಕಟ್ಟಿದ್ದಾರೆ ಪುಟ್ಟಿ. ಅರಣ್ಯ ಭೂಮಿ ಬೇರೆ ಕೆಲಸಕ್ಕೆ ಹೋದಾಗ ನಿವ್ವಳ ಪ್ರಸ್ತುತ ಮೌಲ್ಯ ಅಂತ ಕಟ್ಟಿಸಿಕೊಳ್ಳುತ್ತಾರೆ, ಕಚೇರಿಗಳಲ್ಲಿ ಎನ್‌ಪಿವಿ ಎನ್ನುತ್ತಾರೆ. 2022ರಲ್ಲಿ ಏರಿಸಿದ ದರದಂತೆ ಅತಿ ದಟ್ಟವಾದ ಮಳೆಕಾಡಿಗೆ ಹೆಕ್ಟೇರಿಗೆ ಸುಮಾರು 16 ಲಕ್ಷ ರೂಪಾಯಿ. ಸುಪ್ರೀಂ ಕೋರ್ಟ್ ಹೇಳಿದ ಹಾಗೆ ಅಭಯಾರಣ್ಯವಾದರೆ ಅದರ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು.

ಬೆಲೆ ಕಟ್ಟಬಾರದು ಎನ್ನುವವಳಲ್ಲ ನಾನು. ಬೆಲೆ ಇಲ್ಲದಿದ್ದರೆ ಕಡತದಲ್ಲಿ ಸೊನ್ನೆ ಅಂತ ಬರೆಯುತ್ತಾರೆ, ಅದು ಇನ್ನೂ ಕೆಟ್ಟದ್ದು. ನನ್ನ ತಕರಾರು ಅಳತೆಯದು. ರಸ್ತೆಗೆ ಹೋದ ಜಾಗ ಎಷ್ಟು ಹೆಕ್ಟೇರ್ ಎಂದು ಕೇಳುತ್ತಾರೆ, ಟಾರು ಮತ್ತು ಚರಂಡಿಯ ಕೆಳಗಿನ ನೆಲ ಅಳೆಯುತ್ತಾರೆ. ಎರಡೂ ಬದಿ ಬಿಸಿಲು ಎಷ್ಟು ದೂರ ಹೋಯಿತು, ಕಳೆ ಎಷ್ಟು ದೂರ ಹೋಯಿತು, ಹಳ್ಳ ಎಷ್ಟು ದೂರ ಕೆಂಪಾಯಿತು ಎಂದು ಅಳೆಯುವವರಿಲ್ಲ. ಉದ್ದನೆಯ, ಸಣಕಲು ರಸ್ತೆಗೆ ಇದರಿಂದ ಕಾಗದದ ಮೇಲೆ ಬಹಳ ಕಡಿಮೆ ಬೆಲೆ ಬೀಳುತ್ತದೆ.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ನೋಡಿ. ತಳಕಳಲೆ ಜಲಾಶಯ ಮೇಲೆ, ಗೇರುಸೊಪ್ಪ ಜಲಾಶಯ ಕೆಳಗೆ, ಮಧ್ಯೆ ನೀರನ್ನು ಏರಿಸಿ ಇಳಿಸಿ 2000 ಮೆಗಾವ್ಯಾಟ್. ಸುರಂಗ ನೆಲದ ಒಳಗೇ ಇರುತ್ತದೆ, ಕಾಡಿಗೆ ಏನಾಗುತ್ತದೆ ಎಂಬ ಮಾತು ಕೇಳಿದ್ದೇನೆ. ಸುರಂಗದ ಬಾಯಿಗೆ ಯಂತ್ರ ಹೋಗಬೇಕಲ್ಲ, ಅಗೆದ ಕಲ್ಲು ಹೊರಗೆ ಬರಬೇಕಲ್ಲ. ಅದಕ್ಕೆ ಸಿಂಗಳೀಕದ ಕಾಡಿನಲ್ಲೇ ರಸ್ತೆ ಬೇಕು. ಕೆಲಸ ಮುಗಿದ ಮೇಲೆ ಯಂತ್ರ ವಾಪಸ್ ಹೋಗುತ್ತದೆ, ರಸ್ತೆ ಹೋಗಲ್ಲ. ವಿದ್ಯುತ್ ಬೇಕು ಎನ್ನುವವರ ಮಾತನ್ನೂ ಪ್ರಾಜೆಕ್ಟ್‌ನಲ್ಲಿ ಸರಿಯಾಗಿ ಬರೆ. ಬಿಸಿಲು, ಗಾಳಿಯ ವಿದ್ಯುತ್ತನ್ನು ಕೂಡಿಡಲು ಇಂಥ ಯೋಜನೆ ಬೇಕು ಎಂಬುದು ಸುಳ್ಳಲ್ಲ. ಈ ಕಣಿವೆಯಲ್ಲೇ ಬೇಕಾ ಎನ್ನುವುದು ನನ್ನ ಪ್ರಶ್ನೆ, ಬೇಡ ಎನ್ನುವುದು ನನ್ನ ಅಭಿಪ್ರಾಯ.

ಬಂಡೀಪುರವನ್ನೂ ಸೇರಿಸಿಕೊ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ನಿಲ್ಲಿಸಿದ್ದು 2009ರಲ್ಲಿ. ಮುಂದಿನ ವರ್ಷ ಹೈಕೋರ್ಟ್ ಎತ್ತಿ ಹಿಡಿಯಿತು. ಆಂಬುಲೆನ್ಸ್‌ಗೆ ಬಿಡುತ್ತಾರೆ. ವ್ಯಾಪಾರಿಗಳಿಗೆ ಸುತ್ತುದಾರಿಯ ಖರ್ಚು ಬಿತ್ತು, ಪ್ರಾಣಿಗಳಿಗೆ ರಾತ್ರಿ ಸಿಕ್ಕಿತು. ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಬೇರೆ ಬೇರೆ ಸಾಲಿನಲ್ಲಿ ಬರೆದು ನೋಡಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲ್ಲ.

ಪ್ರಾಜೆಕ್ಟ್‌ಗೆ ದೊಡ್ಡ ಅಂಕಿಅಂಶದ ಹಿಂದೆ ಹೋಗಬೇಡ. ಕಾಡಿನಲ್ಲಿ ಹಾದು ಹೋಗುವ ಒಂದೇ ಒಂದು ಹಳ್ಳಿ ರಸ್ತೆ ಆರಿಸಿಕೊ. ಅರಣ್ಯ ಇಲಾಖೆಯ ಅನುಮತಿ ತಗೊ, ಒಬ್ಬಳೇ ಹೋಗಬೇಡ, ಊರಿನವರನ್ನು ಜೊತೆಗೆ ಕರೆದುಕೊ. ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗಿನ ಎಣ್ಣೆ ಕೈಕಾಲಿಗೆ ಹಚ್ಚಿಕೊ. ರಸ್ತೆಯ ಅಂಚಿನಿಂದ ಒಳಗೆ ಟೇಪ್ ಹಿಡಿದು ಕಳೆ ಎಲ್ಲಿಗೆ ನಿಲ್ಲುತ್ತದೆ, ಮೇಲೆ ಕೊಂಬೆ ಎಲ್ಲಿ ಕೂಡುತ್ತದೆ ಎಂದು ಬರೆದುಕೊ. ಮೋರಿಗಳನ್ನು ಎಣಿಸು, ಎಷ್ಟು ತೆರೆದಿವೆ, ಎಷ್ಟು ಕಟ್ಟಿವೆ ನೋಡು. ಐದು ವರ್ಷದಲ್ಲಿ ರಿಪೇರಿಗೆ ಎಷ್ಟು ಖರ್ಚಾಯಿತು ಎಂದು ಪಂಚಾಯ್ತಿಗೆ ಮಾಹಿತಿ ಹಕ್ಕಿನಲ್ಲಿ ಕೇಳು. ಕೊನೆಗೆ ಆ ರಸ್ತೆಯ ಪ್ರತಿ ಮನೆಗೂ ಹೋಗಿ, ದಾರಿ ಬರುವ ಮುಂಚೆ ಹೇಗಿತ್ತು, ಈಗ ಏನು ಬದಲಾಯಿತು ಎಂದು ಕೂತು ಕೇಳು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಹೋಗಿ ಬಂದರೆ ಒಳ್ಳೆಯದು. ಬರೆದು ಮುಗಿದ ಮೇಲೆ ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳಿಸು, ನಾನು ಪೂರ್ತಿ ಓದುತ್ತೇನೆ.